ಚೀಲ ತುಂಬುವಾಕಿ

ನಮ್ಮ ಇವರು ಗಂಜಿನ ಬ್ಯಾಳಿ ಮಿಲ್ಲಿಗೆ
ಇಪ್ಪತ್ತೊಂಬತ್ತು ವರ್ಷ ಸ್ಯಾಂಪಲ್ ಹೊತ್ತರು.
ಇಂದೂರ, ವಾಶಿ, ಮದ್ರಾಸು,
ಒಂದ್ಸಲ ಕಟಕದ ತನಕ.
ಅಂಗೈಯಷ್ಟು ಪೊಟ್ಟಣ, ಒಂದೊಂದರಾಗ
ಒಂದು ಮುಷ್ಟಿ ತೊಗರಿಬ್ಯಾಳಿ, ಮ್ಯಾಲ ನಂಬರು.
ಕಲಬುರಗಿಯಾಗ ಯಾರು ದೂರ ಹೊಂಟರೂ
ಅಂಬಾರಾಯಗ ಕೇಳ್ರಿ ಅಂತಾರ,
ಗಾಡಿ, ಊರು, ಎಲ್ಲಾ ಅವಗ ಗೊತ್ತು.
ಖರೇ ಅದ. ಆದ್ರ
ಚೀಲ ತುಂಬಿದಾಕಿ ನಾನು.

ಮೊದಲನೇ ವರ್ಷ ಟ್ರಂಕು ಕೊಟ್ಟು ಕಳಿಸಿದ್ದೆ,
ಮದುವ್ಯಾಗ ತವರಿನವರು ಕೊಟ್ಟದ್ದು, ಕೆಂಪಂದು.
ಸೊಲ್ಲಾಪುರದ ಕೂಲಿ ಕೇಳಿದನಂತ:
'ಒಳಗ ಹೆಂಡ್ತಿ ಇದ್ದಾಳೇನ್ರಿ?'
ಆವತ್ತಿನಿಂದ ಒಂದೇ ಚೀಲ.
ತೊಡಿ ಮ್ಯಾಲ ಇಟ್ಕೊಂಡು ನಿದ್ದಿ ಮಾಡಾಕ ಬರಬೇಕು,
ಅದು ಅಳತಿ.

ಕಡಕ್ ರೊಟ್ಟಿ ಎಂಟು ದಿನ ತಾಳ್ತಾವ,
ಶೇಂಗಾ ಹಿಂಡಿ ಹದಿನೈದು.
ಮೊಸರು ಕಟ್ಟಬ್ಯಾಡ್ರಿ. ಬಾಜೂದಾಕಿ ಸೀರಿ, ಆಮ್ಯಾಲ ಜಗಳ.
ಎರಡು ರೊಟ್ಟಿ ಹೆಚ್ಚಿಗಿ ಇಡ್ರಿ, ಎದುರಿಗೆ ಕುಂತವರ ಪಾಲು ಅದು;
ರೊಟ್ಟಿ ತಿಂದವ ನಿಮ್ಮ ಚೀಲ ಕಾಯ್ತಾನ.
ರೊಕ್ಕ ಮೂರು ಕಡೆ.
ಮೂರನೇದು ಎಲ್ಲಿ ಅಂತ ಇವರಿಗೂ ಹೇಳ್ತಿದ್ದಿಲ್ಲ.
ಕಿಸೆ ಕತ್ತರಿಸಿಕೊಂಡು ಎದುರಿನ ಕಿರಾಣಿ ಅಂಗಡಿಗೆ
ಫೋನ್ ಮಾಡಿದಾಗ ಅಷ್ಟೇ ಹೇಳಿದೆ:
'ಬನಿಯನ್ನಿನ ಕೆಳಗಿನ ಹೊಲಿಗಿ ಬಿಚ್ಚ್ರಿ.'

ಇವರ ಮಾತೂ ಅವ, ಛಲೋ ಅವ.
ಮ್ಯಾಲಿನ ಬರ್ತು ತೊಗೋರಿ, ಯಾರೂ ಎಬ್ಬಿಸಂಗಿಲ್ಲ.
ಚಪ್ಪಲಿ ಫ್ಯಾನಿನ ಮ್ಯಾಲ ಇಡ್ರಿ.
ಗಾಡಿ ತಡಾ ಆದ್ರ ಬೈಬ್ಯಾಡ್ರಿ, ಬೈದ್ರ ನೀರಡಿಕಿ ಆಗ್ತದ,
ಶಹಾಬಾದಿನ ಬಿಸಲಾಗ ಅದು ತುಟ್ಟಿ ಬೀಳ್ತದ.
ಹೊಸ ಊರಾಗ ಮೊದಲು ಛಾ ಎಲ್ಲಿ ಅಂತ ಕೇಳ್ರಿ;
ಪೊಲೀಸ್ ಠಾಣೆ, ದವಾಖಾನಿ, ಛಲೋ ಲಾಡ್ಜು,
ಎಲ್ಲಾ ಛಾದವಗ ಗೊತ್ತಿರ್ತದ.

ನಾ ಮನ್ಯಾಗ ಕುಂತು ಊರು ಓದ್ತಿದ್ದೆ
ವಾಪಸ್ ಬಂದ ಚೀಲ ಬಿಚ್ಚಿ.
ಕಾಲರಿಗೆ ಮಸಿ ಅಂದ್ರ ಇಂಜಿನ್ ಹತ್ತಿರದ ಡಬ್ಬಿ.
ರೊಟ್ಟಿ ಹಂಗೇ ಬಂದ್ರ ಸೌದಾ ಮುರೀತು.
ಪೊಟ್ಟಣ ಒಂದೂ ಉಳಿದಿಲ್ಲ ಅಂದ್ರ
ಸಂಜಿಗೆ ಹುಗ್ಗಿ.
ಒಂದ್ಸಲ ಪ್ಯಾಂಟಿನ ಮಡಿಕ್ಯಾಗ ಉಸುಕು ಬಂತು.
ಮದ್ರಾಸಿಂದು, ಸಮುದ್ರದ್ದು ಅಂದ್ರು.
ನಾ ಝಾಡಿಸಲಿಲ್ಲ.
ತಾಟಿನೊಳಗ ಸುರುವಿ ನೋಡಿದೆ,
ಬ್ಯಾಳಿ ಆರಿಸಿದಂಗ ಬೆರಳಾಡಿಸಿ,
ಭಾಳ ಹೊತ್ತು.

ಹೋದ ಶ್ರಾವಣದಾಗ ಮಿಲ್ಲಿನವರು ಅಂದ್ರು,
ಈಗ ಬ್ಯಾಳಿ ಫೋಟೋದಾಗ ಹೋಗ್ತದ,
ಅಂಬಾರಾಯ, ನೀ ಆರಾಮ ಇರು.
ಆರಾಮ ಇದ್ದಾರ.
ಚಪ್ಪಲಿ ಕಪಾಟಿನ ಮ್ಯಾಲ ಇಡ್ತಾರ.
ನಡುರಾತ್ರಿ ಮೂರಕ್ಕ ಎದ್ದು ಕುಂದರ್ತಾರ,
'ವಾಡಿ ಬಂತೇನು?'
'ಇನ್ನಾ ಬಂದಿಲ್ಲ, ಮಲಕೋರಿ.'

ಮನ್ನಿ ಮುಮ್ತಾಜ್‌ಬೀಯ ತಂಗಿ ಮಗಳ ಮದುವಿ, ಮದ್ರಾಸಿನಾಗ.
ನೀನೂ ಬಾ ಅಂದಳು ಮುಮ್ತಾಜ್‌ಬೀ.
ನೀವೂ ಬರ್ರಿ ಅಂದೆ ಇವರಿಗೆ.
'ನಾ ನೋಡೀನಿ. ನೀ ನೋಡಿ ಬಾ.
ಚೀಲ ನಾ ತುಂಬ್ತೀನಿ.'
ತುಂಬಿದರು. ಬಾಗಲಾ ಹಾಕ್ಕೊಂಡು, ಒಂದು ತಾಸು.
ನಾ ಬಿಚ್ಚಿ ನೋಡಲಿಲ್ಲ. ಮರ್ಯಾದಿ ಅಂತ ಒಂದು ಇರ್ತದಲ್ಲ.

ಗಾಡಿ ನಾಕು ತಾಸು ತಡಾ. ನಾ ಬೈಲಿಲ್ಲ.
ಮ್ಯಾಲಿನ ಬರ್ತಿನಾಗ ಚೀಲ ತಲಿಗಿಟ್ಟು ಅಡ್ಡಾದೆ.
ಮೂರರ ಸುಮಾರು ಗಾಡಿ ನಿಂತಿತು,
ಕಿಟಕಿ ಹೊರಗ ಛಾ ಛಾ ಅಂತ ಒಬ್ಬಾತ.
ಫೋನ್ ಹಚ್ಚಿದೆ.

'ವಾಡಿ ಬಂತ್ರೀ.'
ಅವರು ಎಚ್ಚರನೇ ಇದ್ದರು.
'ಚಪ್ಪಲಿ?'
'ಫ್ಯಾನಿನ ಮ್ಯಾಲ ಅವ.'
'ಮೊಸರನ್ನ ಉಂಡಿ ಏನು? ಡಬ್ಬಿ ಅಡ್ಡ ಇಟ್ಟೀನಿ, ಜಾಗಾ ಇದ್ದಿಲ್ಲ.'

ಕೆಳಗಿನ ಬರ್ತಿನಾಕಿ
ಲೈಟ್ ಹಚ್ಚಿ
ಸೆರಗು ಮೂಸಿ ನೋಡ್ಲಿಕ್ಕತ್ತಿದ್ದಳು.