ಅಡ್ಡಬಲ

ಮೊಶೊನ್‌ಮಗ್ಯಾರೋವಾರ್: ಬಾಯಿ ತುಂಬುವ ಹೆಸರು,
ಹಲ್ಲಿಲ್ಲದವರಿಗೆ ಹೇಳಲಾಗದ್ದು.
ಬೀದಿಗೊಂದು ಹಲ್ಲಿನ ಆಸ್ಪತ್ರೆ, ಕೆಲವು ಬೀದಿಗೆ ನಾಲ್ಕು.
ಬೆಳಗಿನ ಬಸ್ಸಿನಲ್ಲಿ ಗಡಿ ದಾಟಿ ಬರುವ ವಿಯೆನ್ನಾದವರು
ಸಂಜೆಗೆ ಕೆನ್ನೆ ಊದಿಸಿಕೊಂಡು
ಅಗ್ಗದ ನಗೆ ಹೊತ್ತು ಹೋಗುತ್ತಾರೆ.

ನನ್ನದು ಹಿಂದಿನ ಕೋಣೆ.
ಕಿಟಕಿಯಾಚೆ ಲಾಯ್ತಾ ಹೊಳೆ, ಸಾಲಾಗಿ ಸೈಕಲ್ಲು.
ಬಾಯಿಯನ್ನು ನಾನು ನೋಡುವುದಿಲ್ಲ. ದವಡೆ ಮಾತ್ರ,
ಪರದೆಯ ಮೇಲೆ, ಎರಡು ಲಕ್ಷ ಚೂರಾಗಿ ಒಡೆದದ್ದು,
ಒಂದೊಂದು ಚೂರಿಗೂ ಒಂದೊಂದು ಲೆಕ್ಕ.

ಹುಟ್ಟುಹಲ್ಲು ಎಲುಬಿಗೆ ಅಂಟಿರುವುದಿಲ್ಲ, ಗೊತ್ತೆ?
ನಡುವೆ ಕೂದಲೆಳೆಯಷ್ಟು ದಪ್ಪದ ನಾರಿನ ತೊಟ್ಟಿಲು.
ಕಚ್ಚಿದಾಗ ತುಸು ತಗ್ಗುತ್ತದೆ, ಮತ್ತೆ ಏಳುತ್ತದೆ.
ಟೈಟಾನಿಯಂ ತಿರುಪಿಗೆ ಆ ಸೌಜನ್ಯವಿಲ್ಲ.
ಎಲುಬನ್ನು ನೇರ ಮುಟ್ಟುತ್ತದೆ,
ತನಗೆ ತಾಗಿದ್ದೆಲ್ಲ ಹಾಗೇ ದಾಟಿಸುತ್ತದೆ
ಚಾಡಿಕೋರನಂತೆ.

ಅದಕ್ಕೇ ಆಕಾರದ ಚಿಂತೆ.
ಚೂಪು ಸುರುಳಿ ಎಲುಬಿಗೆ ಬೆಣೆ ಹೊಡೆಯುತ್ತದೆ,
ಚೌಕದ ಸುರುಳಿ ಹೊರೆಯನ್ನು ಕೂರಿಸುತ್ತದೆ
ಮೆಟ್ಟಿಲ ಮೇಲೆ ಮೂಟೆ ಇಳಿಸಿದ ಹಾಗೆ.
ಉದ್ದ ಹೆಚ್ಚಿಸಿದರೆ ಹೇಳಿಕೊಳ್ಳುವಂಥದ್ದೇನಿಲ್ಲ;
ದಪ್ಪ ಒಂದು ಮಿಲಿಮೀಟರ್ ಹೆಚ್ಚಲಿ,
ಕುತ್ತಿಗೆಯ ಸುತ್ತಲ ಕೆಂಪು ಉಂಗುರ ಹಳದಿಗಿಳಿಯುತ್ತದೆ.
ಕುತ್ತಿಗೆ, ಹೌದು. ಬುಡದಲ್ಲಲ್ಲ.
ತಿಣುಕಾಟವೆಲ್ಲ ಹೊಸ್ತಿಲಲ್ಲೇ,
ಗಟ್ಟಿ ಎಲುಬಿನ ಆ ತೆಳು ಅಂಚಿನಲ್ಲಿ.

ಮಾರ್ಚಿನಲ್ಲಿ ಬಂತು ವೆಂಡೆಲ್ ಬೊಗ್ನಾರನ ಕಡತ.
ಎಪ್ಪತ್ತಮೂರು. ಕೆಳದವಡೆ, ಎಡಕ್ಕೆ, ಆರನೆಯದು.
ನಿವೃತ್ತ ಗಡಿಕಾವಲುಗಾರ.
ಹಲ್ಲು ಕಿತ್ತಿದ್ದು ಎಂಬತ್ನಾಲ್ಕರಲ್ಲಿ; ಅಂದಿನಿಂದ
ಕೆಲಸವಿಲ್ಲದ ಎಲುಬು ಸದ್ದಿಲ್ಲದೆ ಕರಗಿದೆ,
ಎತ್ತರ ಕಳೆದಿದೆ, ಅಗಲ ಉಳಿದಿದೆ.
(ಹೊರೆ ಹೆಚ್ಚಾದರೂ ಸವೆತ, ಹೊರೆಯಿಲ್ಲದಿದ್ದರೂ ಸವೆತ.
ಮೊದಲ ವರ್ಷವೇ ಕಲಿಸಿದ್ದರು. ನಂಬಲು ಹದಿನೈದು ಬೇಕಾಯಿತು.)

ಮೇಲಿನಿಂದ ನೇರ ನೂರು ನ್ಯೂಟನ್ ಹೇರಿದೆ.
ಚಿತ್ರ ತಣ್ಣಗೆ, ನೀಲಿ, ಅಲ್ಲಲ್ಲಿ ಹಸಿರು.
ಸರಿ ಎಂದು ಬರೆದೆ. ಸಹಿ ಹಾಕುವ ಮುಂಚೆ
ಅವನ ಹೆಂಡತಿ ಎತೆಲ್ಕಾ, ಕೋಟು ಬಿಚ್ಚದೆ ಬಾಗಿಲಲ್ಲೇ ನಿಂತು:
"ರಾತ್ರಿ ಹಲ್ಲು ಕಡಿಯುತ್ತಾನೆ. ಬರೆದುಕೊಂಡಿರಾ?
ಎಣ್ಣೆ ಕಾಣದ ಕೀಲಿನ ಸದ್ದು.
ಮೂವತ್ತೈದು ವರ್ಷ ಪಕ್ಕದ ಕೋಣೆಯಲ್ಲಿ ಮಲಗಿದ್ದೇನೆ."

ನನ್ನ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.
ಅಲ್ಲಿ ಎಲುಬು ಎಲ್ಲೆಡೆ ಒಂದೇ ಸಮ,
ಮನುಷ್ಯ ಕಚ್ಚುವುದು ತಿನ್ನಲು ಮಾತ್ರ.

ಬಲವನ್ನು ಓರೆ ಮಾಡಿದೆ. ಮೂವತ್ತು ಡಿಗ್ರಿ.
ಅಷ್ಟೇ ನ್ಯೂಟನ್, ಒಂದೂ ಹೆಚ್ಚಿಲ್ಲ.
ಕುತ್ತಿಗೆ ಕೆಂಡವಾಯಿತು.

ಮೇಲಿಂದ ಬೀಳುವುದನ್ನು ಎಲುಬು ಹೊರುತ್ತದೆ,
ಹೊತ್ತು ಹೊತ್ತು ಬಲಿಯುತ್ತದೆ.
ಅಡ್ಡಕ್ಕೆ ತಳ್ಳುವುದು ಬೇರೆ.
ಗೂಟವನ್ನು ಅಲುಗಿಸಿ ಅಲುಗಿಸಿ ಕಿತ್ತವರನ್ನು ಕೇಳಿ.

ಯಾರನ್ನು ಕಚ್ಚುತ್ತಾನೆ ರಾತ್ರಿ?
ಗಡಿಯ ಮುಳ್ಳುತಂತಿ ಕಿತ್ತು ಎಷ್ಟೋ ಕಾಲವಾಯಿತು.
ತಂತಿ ಇದ್ದಾಗ ಯಾರಿಗೆ ನಿಲ್ಲು ಎಂದ,
ಯಾರಿಗೆ ಎನ್ನಲಿಲ್ಲ,
ಸ್ಕ್ಯಾನಿನಲ್ಲಿ ಬೀಳುವುದಿಲ್ಲ.
ನಾನೂ ಕೇಳಲಿಲ್ಲ.
ಅಡ್ಡಬಲ ಎಂದು ಬರೆದು ಅಂಕಿ ತುಂಬಿದೆ.

ಗಿಡ್ಡ, ದಪ್ಪ ತಿರುಪು. ಚೌಕ ಸುರುಳಿ.
ಕುತ್ತಿಗೆಯಲ್ಲಿ ಉಗುರಿಗೂ ತಾಗದ ಸಣ್ಣ ಗೆರೆಗಳು.
ಮೇಲೆ ಕೂರುವ ಹಲ್ಲಿಗೆ ಗುಡ್ಡ ಬೇಡ,
ಚಪ್ಪಟೆಯಿರಲಿ, ಸಿಟ್ಟು ಜಾರಿಹೋಗಲಿ.
ರಾತ್ರಿಗೆ ಪ್ಲಾಸ್ಟಿಕ್ ಕವಚ.

ವರ್ಷ ತಿರುಗಿ ಎಕ್ಸ್‌ರೇ ಬಂತು.
ಮೊದಲ ಸುರುಳಿಯ ಬಳಿ ಅರ್ಧ ಮಿಲಿಮೀಟರ್
ಎಲುಬು ಹಿಂದೆ ಸರಿದಿದೆ. ಕೆಳಗೆ, ಅಂಚುಗಳ ನಡುವೆ,
ಹೊಸ ಬಿಳುಪು ಬಂದು ಕೂತಿದೆ,
ಕಾಗದಪತ್ರವಿಲ್ಲದೆ ದಾಟಿ ಬಂದು
ಸಂದಿಯಲ್ಲಿ ಮನೆಮಾಡಿದವರ ಹಾಗೆ.

"ಕವಚ ಹಾಕಿಕೊಳ್ಳುತ್ತಾನಾ?"
"ಹಾಕಿಕೊಳ್ಳುತ್ತಾನೆ. ಆ ಸದ್ದು ನಿಂತಿದೆ," ಎಂದಳು ಎತೆಲ್ಕಾ.
"ಈಗ ನಿದ್ದೆಯಲ್ಲಿ ಮಾತು."
"ಏನಂತ?"
"ನಿಲ್ಲು ಅಂತ ಅಲ್ಲ.
ಹೋಗು, ಹೋಗು, ಬೇಗ ಹೋಗು ಅಂತ."

ಮೇಜಿನ ಮೇಲೊಂದು ಕಾಗದದ ಚೀಲ ಬಿಟ್ಟು ಹೋದಳು.
ಅಕ್ರೋಟು. ಒಡೆಯದವು.