ನನಗೆ ನೀವು

ಗ್ರಿಮ್ಸ್‌ಬಿಯಿಂದ ತಂಗಿ ಕಳಿಸಿದ ಟೀ ಪೊಟ್ಟಣ
ಸುಂಕದ ಕಟ್ಟೆಯಲ್ಲಿ ಮೂರು ವಾರದಿಂದ ಕೂತಿದೆ.
ಫೋನು ಮಾಡಿದೆ. ಸುಂಕದವನಿಗೆ ಸುಖದುಃಖ ಹೇಳಿಕೊಂಡೆ,
ಅದೂ ತಪ್ಪು ಲಿಂಗದಲ್ಲಿ.
ಟೀ ಇಲ್ಲಿ ಗಂಡಸಂತೆ. ಪೊಟ್ಟಣವೂ ಗಂಡಸು.
ಬಿಲ್ಲು ಮಾತ್ರ ಹೆಂಗಸು.

ಎಂಟಕ್ಕೆ ಬ್ರೆಡ್ಡಿನ ವ್ಯಾನು ಚರ್ಚಿನ ಮುಂದೆ
ಎರಡು ಸಲ ಹಾರನ್ ಹೊಡೆಯುತ್ತದೆ.
ಏಳು ಮನೆ, ಐದರಲ್ಲಿ ಹೊಗೆ,
ಸಾಲಿನಲ್ಲಿ ನಾವು ನಾಲ್ಕೇ ಜನ.
ಆದರೂ ಒಬ್ಬೊಬ್ಬರಿಗೂ ಬೇರೆ ಬೇರೆ ಬೋಂಜೂರ್;
ಎಲ್ಲರಿಗೂ ಸೇರಿಸಿ ಹೇಳಿದರೆ ಲೆಕ್ಕಕ್ಕಿಲ್ಲ.
ಹನ್ನೊಂದು ವರ್ಷವಾಯಿತು. ಉದ್ದನೆಯ ಬ್ರೆಡ್ಡನ್ನು
ಕಂಕುಳಲ್ಲಿ ಸಿಕ್ಕಿಸಿಕೊಳ್ಳುವುದು ನನಗಿನ್ನೂ ಬಂದಿಲ್ಲ,
ಯಾರದೋ ಮಗುವಿನಂತೆ ಎದೆಗವಚಿ ತರುತ್ತೇನೆ.

ಕ್ಲೈವ್‌ಗೆ ಫ್ರೆಂಚ್ ಬೇಕಾಗಿಲ್ಲ.
ಇಂಗ್ಲಿಷನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾನೆ.
ಕಕ್ಕಸು ಗುಂಡಿಯ ತಪಾಸಣೆಗೆ ಬಂದ ಹುಡುಗ
ಹೆದರಿ ಪಾಸು ಮಾಡಿ ಹೋದ.

ನನ್ನ ತೊಂದರೆ ಬೇರೆ.
ನಮ್ಮಲ್ಲಿ ರಾಜನಿಗೂ ನಾಯಿಗೂ ಒಂದೇ ಪದ.
ಇಲ್ಲಿ ಬಾಯಿ ತೆರೆಯುವ ಮೊದಲು ಅಳೆಯಬೇಕು
ಎದುರಿಗಿರುವುದು ನೀನೋ, ನೀವೋ.
ಬಂದ ವರ್ಷ ಮೇಯರಿಗೆ 'ಕೂತ್ಕೋ' ಅಂದೆ,
ಅವನ ಬೇಟೆನಾಯಿಗೆ 'ತಾವು ಒಳಗೆ ಬರಬೇಕು.'
ಮೇಯರ್ ನಕ್ಕ.
ನಾಯಿ ಬರಲಿಲ್ಲ.

ಪಕ್ಕದ ಮನೆಯ ಮದಾಮ್ ಫುರ್ಜೋ
ಕೋಳಿಗಳಿಗೆ ನೀನು ಅನ್ನುತ್ತಾರೆ.
ಟ್ರ್ಯಾಕ್ಟರಿಗೆ ನೀನು, ಮಂಡಿನೋವಿಗೆ ನೀನು,
ದೇವರಿಗೂ ನೀನು. ಗೋರಿಯ ಪಾಚಿ ಕೆರೆಯುತ್ತ
ಗಂಡನನ್ನು ಬೈಯುವಾಗ, ನೀನು.
(ಆ ಕಲ್ಲಿನಲ್ಲಿ ಅವನ ಹೆಸರಿನ ಕೆಳಗೆ
ಇವರದೂ ಆಗಲೇ ಕೆತ್ತಿದೆ: ಸೊಲಾಂಜ್, 1944,
ಆಮೇಲೊಂದು ಅಡ್ಡಗೆರೆ.
ಹೆಸರು ನನಗೆ ಗೊತ್ತಾದದ್ದೇ ಅಲ್ಲಿ.)
ನನಗೆ ನೀವು.
ಬಕೆಟ್ಟು ತುಂಬ ಬೀನ್ಸ್ ತಂದು ಹೊಸ್ತಿಲಲ್ಲಿಟ್ಟು, ನೀವು.
ಕ್ಲೈವ್‌ನ ಆಪರೇಷನ್ನಿನ ದಿನ ಅರವತ್ತು ಕಿಲೋಮೀಟರು
ತಾವೇ ಕಾರು ಓಡಿಸಿ, ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ
ನನ್ನ ಭುಜಕ್ಕೊರಗಿ ತೂಕಡಿಸಿ, ಬೆಚ್ಚಿ ಎದ್ದು,
'ಕ್ಷಮಿಸಿ, ನಿಮಗೆ ಭಾರವಾಯಿತೇನೋ.'

ಈ ಅಕ್ಟೋಬರಿನಲ್ಲಿ ಸೂರಿನ ದೋಣಿಯೊಳಗೆ
ಲಿಂಡನ್ ಎಲೆ ಕಟ್ಟಿಕೊಂಡಿತ್ತು.
ಏಣಿ ಹತ್ತಿದೆ. ತಿಂಗಳ ಮೊದಲ ಬುಧವಾರ
ಎನ್ನುವುದು ಮರೆತಿತ್ತು. ಹೊಡೆಯಿತು ಹನ್ನೆರಡು,
ಪರೀಕ್ಷೆಯ ಸೈರನ್ನು ಊರಿನ ತಲೆಯ ಮೇಲೆ ಊಳಿಟ್ಟಿತು,
ಏಣಿ ಜಾರಿತು,
ಬೇಲಿಯಾಚೆಯಿಂದ:

ಏಯ್! ಬೀಳ್ತೀಯ! ಹಿಡ್ಕೋ ಹುಚ್ಚಿ, ಹಿಡ್ಕೋ!

ಬಿದ್ದೆ. ಹೆಚ್ಚೇನಿಲ್ಲ, ಹೈಡ್ರೇಂಜ ಪೊದೆಯ ಮೇಲೆ.
ಮೊಣಕೈ ತರಚಿತು.
ಬಿದ್ದಲ್ಲೇ ಮಲಗಿ, ಕೇಳಿದ್ದನ್ನು
ಮತ್ತೊಮ್ಮೆ ಕೇಳಿಸಿಕೊಂಡೆ. ಬೀಳ್ತೀಯ.
ಹನ್ನೊಂದು ವರ್ಷ ಮೆಟ್ಟಿಲಿಳಿಯದ ಕ್ರಿಯಾಪದ
ನನ್ನ ಜೊತೆಗೇ ಬಿದ್ದಿತ್ತು.

ರಬ್ಬರ್ ಬೂಟಿನಲ್ಲಿ ದಡಬಡ ಬಂದಳು ಸೊಲಾಂಜ್.
ಪ್ಲಮ್ ಸಾರಾಯಿ ಅರ್ಧ ಗಾಯಕ್ಕೆ ಸುರಿದಳು,
ಇನ್ನರ್ಧ ನನ್ನ ಬಾಯಿಗೆ.
ಉಸಿರು ಹಿಡಿತಕ್ಕೆ ಬಂದ ಮೇಲೆ ಎದ್ದಳು,
ಏಪ್ರನ್ನಿನ ಎಲೆ ಕೊಡವಿದಳು,
'ಈಗ ಹೇಗಿದ್ದೀರಿ?'

'ಏನದು ಸದ್ದು?' ಒಳಗಿನಿಂದ ಕ್ಲೈವ್.
ಏನಿಲ್ಲ, ಅಂದೆ.
ನಡೆದದ್ದನ್ನು ಹೇಳಲು ನಮ್ಮಿಬ್ಬರ ಭಾಷೆಯಲ್ಲಿ
ಜಾಗವಿರಲಿಲ್ಲ.

ಮರುದಿನ ವ್ಯಾನಿನ ಬಳಿ ಬೋಂಜೂರ್ ಮದಾಮ್,
ನಿಮಗೆ ನಿದ್ದೆ ಬಂತೇ, ನಿಮ್ಮ ಮೊಣಕೈ ಹೇಗಿದೆ.
ಚೆನ್ನಾಗಿದೆ.

ಟೀ ಇನ್ನೂ ಬಂದಿಲ್ಲ.
ದೋಣಿಯಲ್ಲಿ ಎಲೆ ಅರ್ಧ ಹಾಗೇ ಉಳಿದಿದೆ.
ಆಳು ಕರೆಸೋಣ ಅನ್ನುತ್ತಾನೆ ಕ್ಲೈವ್.
ಬೇಡ ಅಂದಿದ್ದೇನೆ.