ತಿದ್ದುಪಡಿ, ಒಂದು ಪುಟ

ದೂಮಪ್ಪ ಮೆಂಡನ್ ಸರ್ ಕಡಲಿಗಿಳಿದವರಲ್ಲ.
ದೋಣಿ ಹತ್ತಿದರೆ ವಾಂತಿ. ಕಸಬಾ ಕಡಪ್ಪುರದ ಹುಡುಗರು
ಬೆನ್ನ ಹಿಂದೆ ಕರೆಯುತ್ತಿದ್ದರು: ಒಣಗಿಸಿದ ಅಡ್ಮಿರಲ್.
ಆದರೂ ನೌಕಾಯುದ್ಧದ ಇತಿಹಾಸ ಅಂದರೆ
ಕಾಸರಗೋಡಿನಿಂದ ಗೋವೆಯವರೆಗೆ ಅವರ ಹೆಸರೇ.

ಬ್ಯಾಂಕ್ ರೋಡಿನ ಮಹಡಿಯ ಟೈಪಿಂಗ್ ಶಾಲೆ ನನ್ನದು.
ಎಪ್ಪತ್ತೆಂಟರಲ್ಲಿ ಬಂದರು, ಕೊಡೆಯೊಳಗೆ ಹಸ್ತಪ್ರತಿ,
ತಾವು ಹೊರಗೆ.
ಪುಟಕ್ಕೆ ಎಪ್ಪತ್ತೈದು ಪೈಸೆ. ಮುನ್ನೂರ ಎಂಬತ್ತು ಪುಟ.
ಪೋರ್ಚುಗೀಸರ ಒಂದು ಲೆಕ್ಕಪುಸ್ತಕ,
ಗೆದ್ದಲು ಬಿಟ್ಟುಕೊಟ್ಟ ಒಂದು ಸಾಲು:
'ಆಲಿಯೂ. ನಲವತ್ತು ಜನ. ಹೋಯಿತು.'

ಆ ಸಾಲಿನಿಂದ ಹಡಗು ಕಟ್ಟಿದರು ಸರ್.
ಹಲಗೆ ಯಾವ ಮರದ್ದು, ಹಾಯಿ ಎಷ್ಟು ಮೊಳ,
ಫಿರಂಗಿ ಎಡಕ್ಕೆಷ್ಟು ಬಲಕ್ಕೆಷ್ಟು.
ಚುಕ್ಕಾಣಿಯವನ ಊರು ಕುಂಬಳೆಯೋ ಮೊಗ್ರಾಲೋ,
ಅದಕ್ಕೇ ಎರಡು ಅಧ್ಯಾಯ.
ನನ್ನ ಬೆರಳುಗಳಿಗೆ ಆ ಹೆಸರು ಬಾಯಿಪಾಠ.
ನಿದ್ದೆಯಲ್ಲೂ ಎ, ಎಲ್, ಐ, ಯು, ಇ.

ಡಾಕ್ಟರೇಟ್ ಬಂತು. ರೀಡರ್ ಆದರು. ಲಿಸ್ಬನ್ನಿಗೆ ಒಮ್ಮೆ ಕರೆದರು,
ವಿಮಾನದಲ್ಲೂ ವಾಂತಿಯಂತೆ.
ದಪ್ಪ ದಪ್ಪ ಪುಸ್ತಕಗಳ ಅಡಿಟಿಪ್ಪಣಿಯಲ್ಲಿ
ಮೆಂಡನ್ ಹೋಗಿ ಮೆನನ್ ಆಯಿತು.
ಅದೊಂದಕ್ಕೆ ಮಾತ್ರ ಕೊನೆತನಕ ಸಿಟ್ಟು, ಸಿಟ್ಟು ತುಳುವಿನಲ್ಲಿ.
ಪಿಂಚಣಿಯ ಕಾಗದ ಮಲಯಾಳದಲ್ಲಿ.
ಕನ್ನಡ, ನನ್ನ ತಪ್ಪು ತೋರಿಸುವುದಕ್ಕೆ.

ನಿವೃತ್ತಿಯ ಮರುವರ್ಷ, ಚಂದ್ರಗಿರಿ ಸೇತುವೆಯ ಬಳಿ
ಬಾಗಿಯಕ್ಕ ಬುಟ್ಟಿ ಇಳಿಸಿ ಬಂಗುಡೆ ಎಣಿಸುತ್ತಿದ್ದಳಂತೆ.
"ನಿನ್ನೆ ನಮ್ಮವರ ದೋಣಿ ಅಳಿವೆಯಲ್ಲಿ ಹೋಯಿತು ಮಾಸ್ಟ್ರೇ.
ಜನ ಉಳಿದರು. ಬಲೆ ಇಲ್ಲ."
ಸರ್ ಬಂಗುಡೆ ಹಿಡಿದೇ ನಿಂತರು.

ಅಳಿವೆ.
ಹೊಳೆ ಕಡಲಿಗೆ ಬೀಳುವ ಬಾಯಿ,
ತಾನು ಹುಟ್ಟಿದ ಮನೆಯ ಜಗಲಿಯಿಂದ ಕಾಣುವಂಥದು.
ಯಾವನೋ ತಂಡೇಲ ಹೇಳಿದ, ಯಾವನೋ ಗುಮಾಸ್ತ
ಕೇಳಿದ ಹಾಗೆ ಗೀಚಿದ. 'ವಿ' ಇರಬೇಕಾದಲ್ಲಿ 'ಯು',
ಆ ಕಾಲದ ರೂಢಿ.
ಹಡಗೇ ಅಲ್ಲ. ಜಾಗ.
ನಲವತ್ತು ಜನ ಹೋದದ್ದು ನಿಜ,
ಯಾವುದರಲ್ಲಿ ಅಂತ ಯಾರೂ ಬರೆದಿಲ್ಲ.

ಅವತ್ತೇ ಮೆಟ್ಟಿಲು ಹತ್ತಿ ಬಂದರು, ಮೀನಿನ ಚೀಲ ಸಮೇತ.
ಹೇಳುತ್ತ ಹೋದರು, ಬಡಿಯುತ್ತ ಹೋದೆ.
ಇಪ್ಪತ್ತೆರಡು ವರ್ಷ ತೇಲಿದ ಹಡಗು
ಹದಿನಾರು ಸಾಲಿನಲ್ಲಿ ಮುಳುಗಿತು.
ನೀರು ಕುಡಿಯುತ್ತೀರಾ ಸರ್, ಕೇಳಿದೆ.
ಬೇಡ, ಹೆಸರಿನ ಕಾಗುಣಿತ ಇನ್ನೊಮ್ಮೆ ನೋಡು, ಅಂದರು.

ಪತ್ರಿಕೆಯವರು ಅಚ್ಚು ಹಾಕಲಿಲ್ಲ. ಜಾಗವಿಲ್ಲವಂತೆ.
ಆಲಿಯೂ ಈಗಲೂ ಹನ್ನೊಂದು ಪುಸ್ತಕಗಳಲ್ಲಿ
ಹಾಯಿ ಬಿಚ್ಚಿ ಓಡುತ್ತಿದೆ,
ಮೆನನ್ ಎಂಬವರ ಆಧಾರದಿಂದ.

ಕಾರ್ಬನ್ ಪ್ರತಿ ಒಂದು ನನ್ನ ಡ್ರಾಯರಿನಲ್ಲಿದೆ. ಇನ್ನೊಂದನ್ನು
ಬಾಗಿಯಕ್ಕನಿಗೆ ಅಂತ ಅವತ್ತೇ ಮಡಚಿಕೊಂಡಿದ್ದರು.
ಅವಳಿಗೆ ಓದಲು ಬರುವುದಿಲ್ಲವಲ್ಲ ಸರ್, ಅಂದಿದ್ದೆ.
"ಗೊತ್ತು. ಮೀನು ಕಟ್ಟುತ್ತಾಳೆ."